ಬಳಸಿದ ಕಾರಿನ ಖಾಸಗಿ ಮಾರಾಟ ಮತ್ತು ಮಾಲೀಕತ್ವ ವರ್ಗಾವಣೆ

ಒಬ್ಬರ ಹೆಸರಿನಲ್ಲಿ ನೋಂದಣಿಯಾಗಿರುವ ಕಾರನ್ನು ಅವರೇ ನೇರವಾಗಿ ಇನ್ನೊಬ್ಬರಿಗೆ ಮಾರುವುದು, ಆ ಮಾರಾಟಕ್ಕೆ ಕಾಗದಪತ್ರ ಮಾಡಿಕೊಳ್ಳುವುದು, ಬಳಿಕ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಗುವಂತೆ ನೋಡಿಕೊಳ್ಳುವುದು, ಈ ಮೂರೂ ಸೇರಿದ ವ್ಯವಹಾರ. ಭಾರತದಲ್ಲಿ ಇದಕ್ಕೆ ಮುಖ್ಯವಾಗಿ ಅನ್ವಯಿಸುವುದು 1988ರ ಮೋಟಾರು ವಾಹನಗಳ ಕಾಯ್ದೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮತ್ತು 1930ರ ಸರಕು ಮಾರಾಟ ಕಾಯ್ದೆ. ತೆರಿಗೆಯ ಮಟ್ಟಿಗೆ ಆಯಾ ರಾಜ್ಯದ ಕಾನೂನು ನಡೆಯುತ್ತದೆ. ಕರ್ನಾಟಕದಲ್ಲಿ ಅದು 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ.

ಆಡುಮಾತಿನಲ್ಲಿ ಇದು ‘ಸೆಕೆಂಡ್ ಹ್ಯಾಂಡ್ ಗಾಡಿ’ಯ ವ್ಯಾಪಾರ ಮತ್ತು ‘ನೇಮ್ ಟ್ರಾನ್ಸ್‌ಫರ್’. ವ್ಯಾಪಾರಕ್ಕೆ ಅರ್ಧ ದಿನ ಸಾಕು. ಟ್ರಾನ್ಸ್‌ಫರ್ ಮಾತ್ರ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾಕಿ ಉಳಿಯುತ್ತದೆ. ಕೀಲಿಕೈ ಕೊಟ್ಟ ದಿನಕ್ಕೂ ಆರ್‌ಸಿಯಲ್ಲಿ, ಎಂದರೆ ಜನ ‘ಪುಸ್ತಕ’ ಎನ್ನುವ ನೋಂದಣಿ ಪತ್ರದಲ್ಲಿ, ಹೆಸರು ಬದಲಾದ ದಿನಕ್ಕೂ ನಡುವೆ ಬೀಳುವ ಈ ಅಂತರವೇ ಇಡೀ ವಿಷಯದ ಮರ್ಮ. ಮಾರಿದವರಿಗೆ ಬರುವ ಪೊಲೀಸ್ ನೋಟಿಸು, ಕೊಂಡವರಿಗೆ ತಿರಸ್ಕೃತವಾಗುವ ವಿಮೆ, ಅಪಘಾತದಲ್ಲಿ ನೊಂದವರ ಕೋರ್ಟು ಅಲೆದಾಟ, ಇವುಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಅಂತರದಲ್ಲಿಯೇ.

ಒಂದೇ ಕಾರಿಗೆ ಇಬ್ಬರು ಒಡೆಯರು

ಕಾನೂನಿನ ದೃಷ್ಟಿಯಲ್ಲಿ ಕಾರು ಚರ ಸ್ವತ್ತು. ಮನೆ, ನಿವೇಶನಗಳಂತೆ ಅದಕ್ಕೆ ಉಪನೋಂದಣಾಧಿಕಾರಿಯ ಮುಂದೆ ಕ್ರಯಪತ್ರ ನೋಂದಾಯಿಸಬೇಕಿಲ್ಲ. ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾರುವವರೂ ಕೊಳ್ಳುವವರೂ ಸ್ವತ್ತು ಯಾವಾಗ ಕೈಬದಲಾಗಬೇಕೆಂದು ಉದ್ದೇಶಿಸಿದ್ದರೋ ಆಗಲೇ ಅದು ಕೈಬದಲಾಗುತ್ತದೆ. ಬೆಲೆ ತೀರ್ಮಾನವಾಗಿ, ಹಣ ಸಂದು, ಗಾಡಿ ಕೊಟ್ಟರೆ ಮಾರಾಟ ಪೂರ್ಣವಾಯಿತು. ಪ್ರಾದೇಶಿಕ ಸಾರಿಗೆ ಕಚೇರಿಯ (ಆರ್‌ಟಿಓ) ದಾಖಲೆಯಲ್ಲಿ ಹೆಸರು ಬದಲಾಗಿಲ್ಲ ಎಂಬ ಒಂದೇ ಕಾರಣಕ್ಕೆ ಆ ಮಾರಾಟ ಅಸಿಂಧುವಾಗುವುದಿಲ್ಲ.

ಮೋಟಾರು ವಾಹನಗಳ ಕಾಯ್ದೆ ಬೇರೆ ಕಡೆಯಿಂದ ನೋಡುತ್ತದೆ. ಅದರ 2ನೇ ಕಲಂನ 30ನೇ ಉಪಖಂಡದಂತೆ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಹೆಸರಿನಲ್ಲಿರುವವರು ಅಪ್ರಾಪ್ತರಾಗಿದ್ದರೆ ಪೋಷಕರು, ಸಾಲದ ಅಥವಾ ಬಾಡಿಗೆಯ ಕರಾರಿನ ಗಾಡಿಯಾದರೆ ಅದನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರು ಮಾಲೀಕರೆನಿಸುತ್ತಾರೆ. ಉಳಿದಂತೆ ಪುಸ್ತಕದ ಹೆಸರೇ ಅಂತಿಮ. ಹೀಗಾಗಿ ಹೆಸರು ಬದಲಾಗದ ಕಾರಿಗೆ ಏಕಕಾಲಕ್ಕೆ ಇಬ್ಬರು ಒಡೆಯರಿರುತ್ತಾರೆ. ಗಾಡಿಯ ಸುಖ ಒಬ್ಬರದು, ಹೊಣೆ ಇನ್ನೊಬ್ಬರದು.

ಈ ಸ್ಥಿತಿಯ ಪರಿಣಾಮವನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಸರಣಿಯಾಗಿ ಮಾರಾಟವಾಗಿತ್ತು. 2009ರಲ್ಲಿ ಅಪಘಾತವಾದಾಗ ಅದು ಕೊನೆಯಲ್ಲಿ ಕೊಂಡವರ ಕೈಯಲ್ಲಿದ್ದರೂ ನೋಂದಣಿ ಮಾತ್ರ ಮೊದಲ ಮಾಲೀಕರ ಹೆಸರಿನಲ್ಲೇ ಉಳಿದಿತ್ತು. ಮೊದಲ ಮಾಲೀಕರು ತಾವು ಎಂದೋ ಮಾರಿದ್ದೇವೆಂದು ವಾದಿಸಿದರು. ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಕೋರ್ಟ್ ತೀರ್ಪು ಕೊಟ್ಟಿತು. ಅದರ ತರ್ಕ ಗಮನಿಸಬೇಕಾದದ್ದು: ಅಪಘಾತದಲ್ಲಿ ಗಾಯಗೊಂಡವರು, ಸತ್ತವರ ಮನೆಯವರು, ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ನೋಂದಣಿಯಾಗದ ಮಾರಾಟಗಳ ಜಾಡು ಹಿಡಿದು ಅಲೆಯುವಂತಾಗಬಾರದು. ನೊಂದವರ ಪಕ್ಷದಲ್ಲಿ ನಿಂತು ನೋಡಿದರೆ ಇದು ನ್ಯಾಯವಾದ ಮಾತು. ಆದರೆ ಪ್ರಾಮಾಣಿಕವಾಗಿ ಮಾರಿ, ಕೊಂಡವರು ಹೆಸರು ಬದಲಾಯಿಸಿಕೊಳ್ಳುತ್ತಾರೆಂದು ನಂಬಿ ಸುಮ್ಮನಿದ್ದವರ ಮೇಲೆ ಅದರ ಭಾರ ಬೀಳುತ್ತದೆ. ಅಂಥವರು ಕೊಂಡವರಿಂದ ನಷ್ಟ ವಸೂಲಿಗೆ ಬೇರೆ ದಾವೆ ಹೂಡಬೇಕಾಗುತ್ತದೆ, ಅದಕ್ಕೆ ಕೈಯಲ್ಲಿ ಪುರಾವೆ ಇರಬೇಕಾಗುತ್ತದೆ.

ಅಪಘಾತವೊಂದೇ ಅಲ್ಲ. ಕಾಯ್ದೆಯ 133ನೇ ಕಲಂ ಪ್ರಕಾರ ಅಪರಾಧದ ಸಮಯದಲ್ಲಿ ಗಾಡಿ ಓಡಿಸುತ್ತಿದ್ದವರ ಹೆಸರು, ವಿಳಾಸ, ಲೈಸೆನ್ಸಿನ ವಿವರ ಕೊಡುವುದು ಮಾಲೀಕರ ಕರ್ತವ್ಯ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಇನ್ನೂ ಕಠಿಣ: ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಅವರ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ, 3 ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಬೆಂಗಳೂರಿನಂಥ ಊರಿನಲ್ಲಿ ಸಿಗ್ನಲ್ ದಾಟಿದ್ದಕ್ಕೆ, ಸೀಟ್ ಬೆಲ್ಟ್ ಹಾಕದ್ದಕ್ಕೆ ಕ್ಯಾಮೆರಾ ಹಿಡಿದ ದಂಡವೂ ಪುಸ್ತಕದ ಹೆಸರಿಗೇ ಬರುತ್ತದೆ.

ಮಾತು ಮುಗಿಸುವ ಮುನ್ನ

ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವಷ್ಟೇ ಎಚ್ಚರದಿಂದ ಕಾಗದ ನೋಡಬೇಕು. ಕೇಂದ್ರ ಸರ್ಕಾರದ ‘ವಾಹನ್’ ದತ್ತಾಂಶದಲ್ಲಿ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ತಯಾರಿಕೆಯ ಮಾದರಿ, ಮೊದಲ ನೋಂದಣಿಯ ದಿನಾಂಕ, ವಿಮೆಯ ಗಡುವು, ಸಾಲದ ನಮೂದು ಮುಂತಾದವು ಸಿಗುತ್ತವೆ. ಮಾರುವವರು ‘ಫಸ್ಟ್ ಓನರ್ ಗಾಡಿ’ ಎಂದು ಹೇಳಿದ್ದನ್ನು ಆರ್‌ಸಿಯೊಂದಿಗೆ ತಾಳೆ ನೋಡುವುದು ಕಷ್ಟವಲ್ಲ. ಗಾಡಿಯ ಮೇಲೆ ಅಚ್ಚಾಗಿರುವ 17 ಅಕ್ಷರ ಮತ್ತು ಅಂಕಿಗಳ ಷಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಆರ್‌ಸಿಯೊಂದಿಗೆ ಹೋಲಿಸಬೇಕು. ಉಜ್ಜಿದ, ಮರಳಿ ಕೊರೆದ ಗುರುತು ಕಂಡರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಕಳವಾದ ವಾಹನಗಳ ಪಟ್ಟಿಯಲ್ಲಿ ಆ ಸಂಖ್ಯೆ ಇದೆಯೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಸೇವೆ ಸಾರ್ವಜನಿಕರಿಗೆ ತೆರೆದಿದೆ.

ಓಡಿದ ಕಿಲೋಮೀಟರು ತಿಳಿಯಲು ಮೀಟರನ್ನು ಮಾತ್ರ ನಂಬಲಾಗದು, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಸರ್ವಿಸ್ ಬಿಲ್ಲುಗಳಲ್ಲಿ ದಿನಾಂಕದ ಜೊತೆ ಕಿಲೋಮೀಟರೂ ನಮೂದಾಗಿರುವುದರಿಂದ ಅವನ್ನು ಸಾಲಾಗಿ ಇಟ್ಟು ನೋಡಿದರೆ ಸುಳ್ಳು ಹೊರಬೀಳುತ್ತದೆ. ವಿಮಾ ಕ್ಲೇಮುಗಳ ಇತಿಹಾಸ ಕೇಳಿದರೆ ದೊಡ್ಡ ಅಪಘಾತವೋ ನೀರಿನಲ್ಲಿ ಮುಳುಗಿದ್ದೋ ಗೊತ್ತಾಗುತ್ತದೆ. ಸರಕು ಮಾರಾಟ ಕಾಯ್ದೆ ಗುಣದ ವಿಷಯದಲ್ಲಿ ಕೊಳ್ಳುವವರೇ ಎಚ್ಚರವಹಿಸಬೇಕೆನ್ನುವ ತತ್ವದ ಮೇಲೆ ನಿಂತಿದೆ. ಮಾರುವವರಿಗೆ ಮಾರುವ ಹಕ್ಕಿತ್ತು ಎಂಬ ಭರವಸೆಯನ್ನು ಅದು ತಾನಾಗಿ ಒದಗಿಸುತ್ತದೆ. ಗೇರ್‌ಬಾಕ್ಸು ಗಟ್ಟಿಯಾಗಿದೆ ಎಂಬ ಭರವಸೆಯನ್ನಲ್ಲ.

ಕರ್ನಾಟಕದಲ್ಲಿ ಇನ್ನೊಂದು ತಪಾಸಣೆ ಅಗತ್ಯ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಹಳೆಯ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ, ಜನರ ಮಾತಿನಲ್ಲಿ ಎಚ್‌ಎಸ್‌ಆರ್‌ಪಿ, ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಅದರ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಆದರೆ ಈ ಫಲಕವಿಲ್ಲದ ಗಾಡಿಗೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆಯಂಥ ಸೇವೆ ಕೊಡಬಾರದೆಂಬ ಮಾತು ಆ ಆದೇಶದಲ್ಲೇ ಇತ್ತು. ಹಳೆಯ ಫಲಕದ ಕಾರು ಮಾರುವವರು ಇದನ್ನು ಮೊದಲೇ ಮುಗಿಸಿಕೊಂಡಿದ್ದರೆ ಒಳ್ಳೆಯದು. ಫಲಕಕ್ಕೆ ಅರ್ಜಿ ಹಾಕುವಾಗ ಹಾಲಿ ಮಾಲೀಕರ ವಿವರವೇ ಬೇಕಾಗುತ್ತದೆ.

ಕರಾರು ಪತ್ರ ಮತ್ತು ಡೆಲಿವರಿ ನೋಟ್

ಖಾಸಗಿ ಮಾರಾಟಕ್ಕೆ ಇಂಥದ್ದೇ ನಮೂನೆಯ ಪತ್ರ ಬೇಕೆಂದು ಕಾನೂನು ಹೇಳುವುದಿಲ್ಲ. ಆ ಕಾರಣಕ್ಕೇ ಬಹಳ ಜನ ಏನೂ ಬರೆದುಕೊಳ್ಳದೆ ಗಾಡಿ ಕೊಟ್ಟುಬಿಡುತ್ತಾರೆ, ಅಥವಾ ಅಂಗಡಿಯಲ್ಲಿ ಸಿಗುವ ಅಚ್ಚಿನ ಹಾಳೆಗೆ ಅರ್ಧ ತುಂಬಿ ಸಹಿ ಹಾಕುತ್ತಾರೆ. ಛಾಪಾ ಕಾಗದದ ಮೇಲೆ ಬರೆದ ಕರಾರಿಗೆ ನ್ಯಾಯಾಲಯದಲ್ಲಿ ತೂಕ ಹೆಚ್ಚು. ಕರ್ನಾಟಕದಲ್ಲಿ ಈಗ ಇ-ಸ್ಟಾಂಪ್ ಬಳಸುವುದು ರೂಢಿ. ಯಾವ ಕಾಗದವೆಂಬುದಕ್ಕಿಂತ ಅದರಲ್ಲಿ ಏನಿದೆ ಎಂಬುದು ಮುಖ್ಯ.

ಇಬ್ಬರ ಪೂರ್ಣ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ, ನೋಂದಣಿ ಸಂಖ್ಯೆ, ಷಾಸಿ ಮತ್ತು ಎಂಜಿನ್ ಸಂಖ್ಯೆ, ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಬೆಲೆ, ಹಣ ಯಾವ ಬ್ಯಾಂಕಿನ ಮೂಲಕ ಯಾವ ದಿನ ಬಂತು, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು, ಮೀಟರ್ ಓದು, ಕೊಟ್ಟ ಕೀಲಿಕೈಗಳ ಸಂಖ್ಯೆ, ಒಪ್ಪಿಸಿದ ಮೂಲ ದಾಖಲೆಗಳ ಪಟ್ಟಿ, ಇವು ಇರಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಾಡಿ ಒಪ್ಪಿಸಿದ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಯಬೇಕು. ಮಧ್ಯಾಹ್ನ ಮಾರಿದ ಕಾರು ಸಂಜೆ ಅಪಘಾತಕ್ಕೀಡಾದರೆ ದಿನಾಂಕವೊಂದೇ ಯಾರನ್ನೂ ಕಾಪಾಡದು. ಆ ಗಳಿಗೆಯವರೆಗಿನ ದಂಡ, ತೆರಿಗೆ, ಬಾಕಿ ಮಾರುವವರದು, ಆಮೇಲಿನದು ಕೊಳ್ಳುವವರದು ಎಂಬ ವಾಕ್ಯ, ಇಷ್ಟು ದಿನದೊಳಗೆ ಹೆಸರು ಬದಲಾಯಿಸಿಕೊಳ್ಳುತ್ತೇನೆಂಬ ಕೊಳ್ಳುವವರ ಒಪ್ಪಿಗೆ, ಅದರಿಂದ ಮಾರಿದವರಿಗೆ ನಷ್ಟವಾದರೆ ಭರಿಸುತ್ತೇನೆಂಬ ಮಾತು, ಇಬ್ಬರು ಸಾಕ್ಷಿಗಳ ಸಹಿ ಸೇರಿದರೆ ಪತ್ರ ಪೂರ್ಣವಾಗುತ್ತದೆ. ಒಪ್ಪಿಸುವ ಹೊತ್ತಿನ ಈ ವಿವರಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದರೆ ಅದೇ ಡೆಲಿವರಿ ನೋಟ್.

ಈ ಪತ್ರದ ಬಲವೆಷ್ಟು, ಮಿತಿಯೆಲ್ಲಿ ಎಂಬುದನ್ನು ತಿಳಿದಿರಬೇಕು. ಇದು ಮಾರಿದವರು ಮತ್ತು ಕೊಂಡವರ ನಡುವಿನ ಒಪ್ಪಂದ. ಪೊಲೀಸರು ಕರೆದಾಗ ಗಾಡಿ ಯಾರ ಕೈಯಲ್ಲಿದೆಯೆಂದು ತೋರಿಸಲು, ಕೊಂಡವರಿಂದ ನಷ್ಟ ವಸೂಲು ಮಾಡಲು ಇದು ಗಟ್ಟಿ ಸಾಕ್ಷ್ಯ. ರಸ್ತೆಯಲ್ಲಿ ಗಾಯಗೊಂಡ ಮೂರನೆಯವರಿಗೆ ಈ ಒಪ್ಪಂದ ಬಂಧಕವಲ್ಲ. ಅವರ ಪಾಲಿಗೆ ಪುಸ್ತಕದ ಹೆಸರೇ ಹೆಸರು.

ಗುರುತಿನ ದಾಖಲೆಗಳ ನಕಲು ಕೊಡುವಾಗ ಅದರ ಮೇಲೆಯೇ ‘ಇಂಥ ಸಂಖ್ಯೆಯ ಕಾರಿನ ಮಾರಾಟಕ್ಕೆ ಮಾತ್ರ’ ಎಂದು ಬರೆದು ದಿನಾಂಕ ಹಾಕುವುದು, ಆಧಾರ್ ಸಂಖ್ಯೆಯ ಮೊದಲ 8 ಅಂಕಿ ಮರೆಮಾಡಿದ ಪ್ರತಿ ಕೊಡುವುದು ಒಳ್ಳೆಯ ಅಭ್ಯಾಸ. ಖಾಲಿ ನಮೂನೆಗೆ ಸಹಿ ಹಾಕಿ ಕೊಡುವುದು ಅತ್ಯಂತ ಕೆಟ್ಟ ಅಭ್ಯಾಸ. ವಿದೇಶಕ್ಕೆ ಹೊರಟವರು, ಊರು ಬಿಟ್ಟು ವರ್ಗವಾಗಿ ಹೋಗುವವರು ಅವಸರದಲ್ಲಿ ಹೀಗೆ ಸಹಿ ಮಾಡಿ ಹೋಗುತ್ತಾರೆ. ಕೊಂಡವರ ಹೆಸರಿನ ಜಾಗ ಖಾಲಿಯಿರುವ ಆ ಹಾಳೆ ಕೈಯಿಂದ ಕೈಗೆ ಸಾಗುತ್ತದೆ, ಗಾಡಿಯೂ ಅದರ ಹಿಂದೆಯೇ ಸಾಗುತ್ತದೆ. ಅಂಥವರು ನಂಬಿಕಸ್ಥರಿಗೆ ಅಧಿಕಾರಪತ್ರ ಕೊಟ್ಟು ಹೋಗುವುದು ಎಷ್ಟೋ ಮೇಲು.

ಹಣದ ವಿಷಯದಲ್ಲಿ ಆದಾಯ ತೆರಿಗೆ ಕಾನೂನಿನ ಒಂದು ನಿರ್ಬಂಧವಿದೆ: 2017ರ ಏಪ್ರಿಲ್ 1ರಿಂದ ಒಂದೇ ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ತಪ್ಪಿದರೆ ಪಡೆದ ಮೊತ್ತದಷ್ಟೇ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ದ್ವಿಚಕ್ರವಲ್ಲದ ಮೋಟಾರು ವಾಹನದ ಕೊಡು–ಕೊಳ್ಳುವಿಕೆಗೆ ಪ್ಯಾನ್ ಸಂಖ್ಯೆ ಬೇಕು. ಮನೆಬಳಕೆಯ ಕಾರನ್ನು ಸಾಮಾನ್ಯ ವ್ಯಕ್ತಿ ಮಾರಿದರೆ ಜಿಎಸ್‌ಟಿ ಇಲ್ಲ.

ನಮೂನೆಗಳು ಮತ್ತು ಗಡುವು

ಕಾಯ್ದೆಯ 50ನೇ ಕಲಂ ಇಬ್ಬರ ಮೇಲೂ ಕರ್ತವ್ಯ ಹೊರಿಸಿದೆ. ಅದೇ ರಾಜ್ಯದಲ್ಲಿ ನೋಂದಣಿಯಾದ ಗಾಡಿಯಾದರೆ ಮಾರಿದವರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಅದರ ನಕಲನ್ನು ಕೊಂಡವರಿಗೂ ಕೊಡಬೇಕು. ಹೊರ ರಾಜ್ಯದ್ದಾದರೆ 45 ದಿನದ ಅವಕಾಶವಿದ್ದು, ಜೊತೆಗೆ ನಿರಾಕ್ಷೇಪಣಾ ಪತ್ರ ಬೇಕು. ಕೊಂಡವರು 30 ದಿನದೊಳಗೆ ತಮ್ಮ ವಾಸಸ್ಥಳದ ವ್ಯಾಪ್ತಿಯ ಪ್ರಾಧಿಕಾರಕ್ಕೆ ವರದಿ ಮಾಡಬೇಕು.

ಮಾರಿದವರ ತಿಳಿವಳಿಕೆ ಪತ್ರಕ್ಕೆ ನಮೂನೆ 29, ವರ್ಗಾವಣೆಯ ಅರ್ಜಿಗೆ ನಮೂನೆ 30. ಇವುಗಳೊಂದಿಗೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ತಪಾಸಣೆಯ ಪತ್ರ (ಎಲ್ಲರೂ ‘ಎಮಿಷನ್’ ಎನ್ನುವುದು), ವಿಳಾಸದ ಪುರಾವೆ, ಷಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಕೇಳುತ್ತಾರೆ. 2016ರ ಡಿಸೆಂಬರ್‌ನಲ್ಲಿ ಪರಿಷ್ಕೃತವಾದ ಕೇಂದ್ರ ದರಪಟ್ಟಿಯಂತೆ ವರ್ಗಾವಣೆಯ ಶುಲ್ಕ ನೋಂದಣಿ ಶುಲ್ಕದ ಅರ್ಧ: ಖಾಸಗಿ ಕಾರಿಗೆ 300 ರೂಪಾಯಿ, ಮೋಟಾರ್ ಸೈಕಲ್ಲಿಗೆ 150. ಸ್ಮಾರ್ಟ್ ಕಾರ್ಡಿಗೆ ಪ್ರತ್ಯೇಕ ಶುಲ್ಕವಿದೆ. ಇಷ್ಟು ಸಣ್ಣ ಮೊತ್ತದ ಕೆಲಸ ಬಾಕಿ ಉಳಿಯುವುದಕ್ಕೆ ಖರ್ಚು ಕಾರಣವಲ್ಲ. ಕಚೇರಿಗೆ ಎಡತಾಕುವ ಬೇಸರ, ‘ಆಮೇಲೆ ಮಾಡಿಸಿದರಾಯಿತು’ ಎಂಬ ಸಲುಗೆ, ಬೇಗನೆ ಮತ್ತೆ ಮಾರುವ ಉದ್ದೇಶ, ಇವೇ ಕಾರಣಗಳು.

ಈಗ ಅರ್ಜಿ ತುಂಬುವುದು ಪರಿವಾಹನ್ ಜಾಲತಾಣದಲ್ಲಿ. ನೋಂದಣಿ ಸಂಖ್ಯೆ ಮತ್ತು ಷಾಸಿಯ ಕೊನೆಯ 5 ಅಂಕಿಗಳನ್ನು ನಮೂದಿಸಿದರೆ ಹಾಲಿ ಮಾಲೀಕರ ಮೊಬೈಲಿಗೆ ಓಟಿಪಿ ಬರುತ್ತದೆ. ಹಳೆಯ ಗಾಡಿಗಳಲ್ಲಿ ಮೊದಲ ತೊಡಕು ಇಲ್ಲಿಯೇ: ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಎಂದೋ ಬದಲಾಗಿರುತ್ತದೆ, ಅಥವಾ ಗಾಡಿ ಕೊಳ್ಳುವಾಗ ಯಾರೋ ಮಧ್ಯವರ್ತಿಯ ಸಂಖ್ಯೆ ಹಾಕಿರುತ್ತಾರೆ. ಕಾರು ಮಾರಾಟಕ್ಕಿಡುವ ಮೊದಲೇ ಅದನ್ನು ಸರಿಪಡಿಸಿಕೊಂಡರೆ ಬಹಳ ಸಮಯ ಉಳಿಯುತ್ತದೆ. ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಬಹುದಾದ ಸೇವೆಗಳ ಪಟ್ಟಿಗೆ ಕೇಂದ್ರ ಸಾರಿಗೆ ಸಚಿವಾಲಯ 2021ರ ಮಾರ್ಚ್‌ನಲ್ಲಿ ಮಾಲೀಕತ್ವ ವರ್ಗಾವಣೆಯನ್ನೂ ಸೇರಿಸಿತು. 2022ರಲ್ಲಿ ಆ ಪಟ್ಟಿ 58 ಸೇವೆಗಳಿಗೆ ಬೆಳೆಯಿತು.

ಕರ್ನಾಟಕದೊಳಗೆ ಒಂದು ಆರ್‌ಟಿಓ ವ್ಯಾಪ್ತಿಯಿಂದ ಇನ್ನೊಂದಕ್ಕೆ ಗಾಡಿ ಹೋದರೆ ಸಂಖ್ಯೆ ಬದಲಾಗುವುದಿಲ್ಲ. ಮೈಸೂರಿನ ಕೆಎ 09 ಕಾರು ಮಂಗಳೂರಿನವರ ಕೈಗೆ ಹೋದರೂ ಕೆಎ 09 ಆಗಿಯೇ ಓಡುತ್ತದೆ, ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸೂ ಗಾಡಿಯೊಂದಿಗೇ ಹೋಗುತ್ತದೆ.

ಒಂದು ಸಲಹೆಯನ್ನು ಬಲವಾಗಿ ಹೇಳಬೇಕು. ಹಣ ಪೂರ್ತಿ ಬಂದ ದಿನವೇ ಇಬ್ಬರೂ ಕೂಡಿ ಕುಳಿತು ಅರ್ಜಿ ಸಲ್ಲಿಸಿ, ಶುಲ್ಕ ಕಟ್ಟಿ, ರಸೀದಿ ಬಂದ ಮೇಲೆ ಕೀಲಿಕೈ ಕೊಡುವುದು ಎಲ್ಲ ದೃಷ್ಟಿಯಿಂದಲೂ ಉತ್ತಮ. ಹೆಸರು ಬದಲಾಗುವವರೆಗೆ ಕೊಂಡವರು ಸ್ವಲ್ಪ ಹಣ ತಡೆಹಿಡಿಯುವುದು, ಇಲ್ಲವೇ ಮಾರಿದವರು ಮೂಲ ಆರ್‌ಸಿ ಇಟ್ಟುಕೊಳ್ಳುವುದು ರೂಢಿಯಲ್ಲಿದೆ. ಇವೆರಡರಿಂದ ಪರಸ್ಪರ ಅನುಮಾನ ಬೆಳೆಯುತ್ತದೆಯೇ ಹೊರತು ನಡುವೆ ಅಪಘಾತವಾದರೆ ರಕ್ಷಣೆ ಸಿಗದು.

ಸಾಲವಿರುವ ಗಾಡಿ

ಬ್ಯಾಂಕಿನ ಸಾಲದಲ್ಲಿ ಕೊಂಡ ಕಾರಿನ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ನಮೂದಾಗಿರುತ್ತದೆ. ಜನ ಇದನ್ನು ‘ಎಚ್‌ಪಿ’ ಎನ್ನುತ್ತಾರೆ. ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಅಂಥ ಗಾಡಿಯ ಮಾಲೀಕತ್ವ ವರ್ಗವಾಗುವುದಿಲ್ಲ. ಕಂತು ತೀರಿದ ಮಾತ್ರಕ್ಕೆ ನಮೂದು ಅಳಿಯದು. ಬ್ಯಾಂಕಿನ ಋಣಮುಕ್ತ ಪತ್ರ ಮತ್ತು ನಮೂನೆ 35 ತಂದು ‘ಎಚ್‌ಪಿ ಕ್ಯಾನ್ಸಲ್’ ಮಾಡಿಸಬೇಕು. ಸಾಲ ತೀರಿಸಿ ಎಷ್ಟೋ ವರ್ಷವಾದರೂ ಇದನ್ನು ಮರೆತಿರುವವರು ಬಹಳ. ಅಷ್ಟರಲ್ಲಿ ಸಾಲ ಕೊಟ್ಟ ಸಂಸ್ಥೆ ಬೇರೊಂದರಲ್ಲಿ ವಿಲೀನವಾಗಿದ್ದರೆ ಕಾಗದ ಹುಡುಕುವ ಕಷ್ಟ ಇಮ್ಮಡಿಯಾಗುತ್ತದೆ. ಸಾಲ ಬಾಕಿಯಿರುವಾಗಲೇ ಮಾರುವುದಾದರೆ ಕೊಳ್ಳುವವರು ಆ ಬಾಕಿಯನ್ನು ಮಾರುವವರ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೆ ಕಟ್ಟುವುದು ಸುರಕ್ಷಿತ.

ವಿಮೆ

ಹೆಸರು ಬದಲಾವಣೆಯಲ್ಲಿ ಜನ ಅತಿ ಹೆಚ್ಚು ನಷ್ಟ ಅನುಭವಿಸುವುದು ವಿಮೆಯ ವಿಷಯದಲ್ಲಿ, ಅದಕ್ಕೆ ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹಿಂದಿನ 1939ರ ಕಾಯ್ದೆಯಲ್ಲಿ ಗಾಡಿಯೊಂದಿಗೆ ವಿಮೆಯನ್ನು ವರ್ಗಾಯಿಸಲು ವಿಮಾ ಕಂಪನಿಗೆ ಮೊದಲೇ ಅರ್ಜಿ ಹಾಕಬೇಕಿತ್ತು, ಕಂಪನಿ ನಿರಾಕರಿಸಬಹುದಿತ್ತು. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯ್ದೆಯ 157ನೇ ಕಲಂ ಇದನ್ನು ಬದಲಿಸಿತು. ಗಾಡಿ ಮಾರಾಟವಾದ ದಿನದಿಂದಲೇ ವಿಮೆಯೂ ಕೊಂಡವರಿಗೆ ವರ್ಗವಾದಂತೆ ಭಾವಿಸಬೇಕು. ಕೊಂಡವರು 14 ದಿನದೊಳಗೆ ವಿಮಾ ಪತ್ರದಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಬೇಕು.

ಹಾಗಾದರೆ ಚಿಂತೆಯಿಲ್ಲವೆಂದು ತೋರಬಹುದು. ಆದರೆ ಈ ‘ವರ್ಗವಾದಂತೆ ಭಾವಿಸುವುದು’ ಅನ್ವಯಿಸುವುದು ಮೂರನೆಯವರ ರಕ್ಷಣೆಗೆ ಮಾತ್ರವೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಹೇಳಿತು. ಅಲ್ಲಿ ಆರ್‌ಸಿಯಲ್ಲಿ ಹೆಸರು ಬದಲಾಗಿತ್ತು, ವಿಮಾ ಪಾಲಿಸಿಯಲ್ಲಿ ಬದಲಾಗಿರಲಿಲ್ಲ. ಕಾರಿಗಾದ ಸ್ವಂತ ಹಾನಿಗೆ ಹೊಸ ಮಾಲೀಕರಿಗೆ ಪರಿಹಾರ ಸಿಗಲಿಲ್ಲ. ಸ್ವಂತ ಹಾನಿಯ ವಿಮೆ ಕಂಪನಿಗೂ ನಿರ್ದಿಷ್ಟ ವ್ಯಕ್ತಿಗೂ ನಡುವಿನ ಒಪ್ಪಂದ. ಕಾರು ಮಾರಿದವರಿಗೆ ಅದರಲ್ಲಿ ಹಿತಾಸಕ್ತಿ ಉಳಿದಿಲ್ಲ, ಕೊಂಡವರೊಂದಿಗೆ ಕಂಪನಿಗೆ ಒಪ್ಪಂದವೇ ಆಗಿಲ್ಲ. ಹೀಗೆ ಪೂರ್ತಿ ಕಂತು ಕಟ್ಟಿದ ಪಾಲಿಸಿಯೊಂದು ಯಾರ ಪ್ರಯೋಜನಕ್ಕೂ ಬಾರದೆ ಹೋಗುತ್ತದೆ. ಮಾಲೀಕ–ಚಾಲಕರಿಗೆ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯೂ ಪಾಲಿಸಿಯಲ್ಲಿ ಹೆಸರಿರುವವರಿಗಷ್ಟೇ. ಕೊಂಡು ತಂದ ಕಾರಿನಲ್ಲೇ ಮನೆಯ ದುಡಿಯುವ ವ್ಯಕ್ತಿ ಸತ್ತರೆ, ಪಾಲಿಸಿಯ ಹೆಸರು ಬದಲಾಗದ ಒಂದೇ ಕಾರಣಕ್ಕೆ ಆ ಕುಟುಂಬಕ್ಕೆ ಈ ಹಣ ತಪ್ಪುತ್ತದೆ.

ಕ್ಲೇಮು ಮಾಡದವರಿಗೆ ಸಿಗುವ ರಿಯಾಯಿತಿ, ಎಂದರೆ ನೋ ಕ್ಲೇಮ್ ಬೋನಸ್, ವ್ಯಕ್ತಿಯದು, ಗಾಡಿಯದಲ್ಲ. ಅದು ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ಏರುತ್ತದೆ. ಮಾರಿದವರು ಕಂಪನಿಯಿಂದ ಪತ್ರ ಪಡೆದು ತಮ್ಮ ಮುಂದಿನ ಕಾರಿಗೆ ಅದನ್ನು 3 ವರ್ಷದೊಳಗೆ ಬಳಸಬಹುದು. ಕೊಂಡವರು ಉಳಿದ ಅವಧಿಗೆ ಆ ರಿಯಾಯಿತಿಯ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಬೆಲೆ ಮಾತನಾಡುವಾಗ ‘ಇನ್ಷೂರೆನ್ಸ್ ಇನ್ನೂ ಹತ್ತು ತಿಂಗಳಿದೆ’ ಎಂದು ಹೇಳುವುದುಂಟು. ಈ ವ್ಯತ್ಯಾಸ ಆ ಲೆಕ್ಕದಲ್ಲಿ ಸೇರಿರುವುದಿಲ್ಲ.

ರಾಜ್ಯ ದಾಟುವ ಕಾರು

ಕಾರು ಬೇರೆ ರಾಜ್ಯಕ್ಕೆ ಹೋಗುವುದಾದರೆ ಮೂಲ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಬಳಕೆಯ ಮಾತಿನಲ್ಲಿ ಎನ್‌ಓಸಿ, ಪಡೆಯಬೇಕು. ಅರ್ಜಿ ಕೊಟ್ಟು 30 ದಿನದಲ್ಲಿ ನಿರಾಕರಣೆ ತಿಳಿಸದಿದ್ದರೆ ಪತ್ರ ಕೊಟ್ಟಂತೆಯೇ ಎಂದು 48ನೇ ಕಲಂ ಹೇಳುತ್ತದೆ. ವಾಹನ 12 ತಿಂಗಳಿಗಿಂತ ಹೆಚ್ಚು ಹೊಸ ರಾಜ್ಯದಲ್ಲಿ ಉಳಿದರೆ ಅಲ್ಲಿನ ಸಂಖ್ಯೆ ಪಡೆಯುವುದು 47ನೇ ಕಲಂ ಪ್ರಕಾರ ಕಡ್ಡಾಯ. ಕರ್ನಾಟಕಕ್ಕೆ ಬರುವ ಹೊರ ರಾಜ್ಯದ ಕಾರಿಗೆ ಅದರ ವಯಸ್ಸಿನ ಆಧಾರದ ಮೇಲೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಮೂಲ ರಾಜ್ಯದಲ್ಲಿ ಕಟ್ಟಿದ್ದರ ಉಳಿದ ಪಾಲನ್ನು ಮರಳಿ ಪಡೆಯಲು ಅಲ್ಲಿ ಬೇರೆ ಅರ್ಜಿ ಹಾಕಬೇಕು.

ದೆಹಲಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹಾಕಿದ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ದಕ್ಷಿಣದ ರಾಜ್ಯಗಳಲ್ಲಿ ಅಗ್ಗಕ್ಕೆ ಮಾರಾಟಕ್ಕೆ ಬರುತ್ತವೆ. ಇಲ್ಲಿನ ತೆರಿಗೆ, ಸಾಗಣೆ, ಹೊಸ ನೋಂದಣಿಯ ಖರ್ಚು ಕೂಡಿಸಿದ ಮೇಲೆ ಆ ಅಗ್ಗ ಎಷ್ಟು ಉಳಿಯಿತೆಂದು ನೋಡಬೇಕು. ಮೂಲ ಎನ್‌ಓಸಿ ಕೈಯಲ್ಲಿಲ್ಲದೆ ಅಂಥ ಕಾರಿಗೆ ಅಡ್ವಾನ್ಸ್ ಕೊಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. 2021ರ ಸೆಪ್ಟೆಂಬರ್ 15ರಿಂದ ಬಂದ ಬಿಎಚ್ (ಭಾರತ್) ಸರಣಿಯ ನೋಂದಣಿ ಸಂಖ್ಯೆಯ ಗಾಡಿಗಳಿಗೆ ರಾಜ್ಯ ಬದಲಾದಾಗ ಮರುನೋಂದಣಿಯ ತೊಂದರೆಯಿಲ್ಲ. ಆದರೆ ಆ ಸರಣಿಗೆ ಅರ್ಹತೆಯಿಲ್ಲದವರು ಅದನ್ನು ಕೊಂಡರೆ ತಮ್ಮ ರಾಜ್ಯದ ಸಾಮಾನ್ಯ ಸಂಖ್ಯೆಗೆ ಬದಲಾಯಿಸಿಕೊಳ್ಳಬೇಕು.

ಮಾಲೀಕರು ತೀರಿಕೊಂಡಾಗ, ಹರಾಜಿನಲ್ಲಿ

ಮಾಲೀಕರು ಮರಣ ಹೊಂದಿದರೆ ಗಾಡಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡ ಉತ್ತರಾಧಿಕಾರಿ 30 ದಿನದೊಳಗೆ ತಿಳಿಸಿದರೆ 3 ತಿಂಗಳವರೆಗೆ ಅದನ್ನು ಬಳಸಬಹುದು; ಅಷ್ಟರೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. 2021ರಿಂದ ಆರ್‌ಸಿಯಲ್ಲಿ ನಾಮನಿರ್ದೇಶಿತರ ಹೆಸರು ಸೇರಿಸುವ ಅವಕಾಶವಿದೆ. ಸರ್ಕಾರಿ ಹರಾಜಿನಲ್ಲಿ ಕೊಂಡರೆ ನಮೂನೆ 32. ತೀರಿಕೊಂಡವರ ಹೆಸರಿನಲ್ಲೇ ಇರುವ ಕಾರನ್ನು ಮನೆಯವರು ನೇರವಾಗಿ ಹೊರಗಿನವರಿಗೆ ಮಾರಲು ಹೊರಟರೆ ಸಹಿ ಮಾಡುವವರೇ ಇಲ್ಲದಂತಾಗುತ್ತದೆ, ಹಾಗಾಗಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು.

ಬ್ರೋಕರು ಮತ್ತು ಅಧಿಕೃತ ವ್ಯಾಪಾರಿ

ಖಾಸಗಿ ಮಾರಾಟವೆಂದು ಆರಂಭವಾದದ್ದು ಎಷ್ಟೋ ಸಲ ಬ್ರೋಕರ ಮೂಲಕ ಮುಗಿಯುತ್ತದೆ. ಬ್ರೋಕರು ಗಾಡಿ ಕೊಂಡರೂ ತನ್ನ ಹೆಸರಿಗೆ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಮಾಲೀಕರ ಸಂಖ್ಯೆ ಒಂದು ಹೆಚ್ಚಾಗಿ ಬೆಲೆ ಇಳಿಯುತ್ತದೆ. ಮತ್ತೊಬ್ಬ ಗಿರಾಕಿ ಸಿಗುವವರೆಗೆ ಕಾರು ಮೊದಲ ಮಾಲೀಕರ ಹೆಸರಿನಲ್ಲೇ ಅವನ ಅಂಗಳದಲ್ಲಿರುತ್ತದೆ, ರಸ್ತೆಯಲ್ಲೂ ಓಡಾಡುತ್ತದೆ.

ಈ ಕೊರತೆ ತುಂಬಲು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು 2023ರ ಏಪ್ರಿಲ್ 1ರಿಂದ ಜಾರಿಗೊಳಿಸಿತು. ಬಳಸಿದ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ 5 ವರ್ಷ ಅವಧಿಯ ಅಧಿಕಾರಪತ್ರ ಪಡೆಯಬೇಕು. ಮಾಲೀಕರು ಅವರಿಗೆ ಗಾಡಿ ಒಪ್ಪಿಸಿದಾಗ ನಮೂನೆ 29ಸಿಯಲ್ಲಿ ಆನ್‌ಲೈನ್ ಮಾಹಿತಿ ಸಲ್ಲುತ್ತದೆ. ಅಲ್ಲಿಂದ ಮುಂದೆ ಆ ವ್ಯಾಪಾರಿಯನ್ನೇ ಮಾಲೀಕರೆಂದು ಭಾವಿಸಲಾಗುತ್ತದೆ, ಗಾಡಿಯಿಂದಾಗುವ ಘಟನೆಗಳ ಹೊಣೆಯೂ ಅವರದೇ. ಪರೀಕ್ಷಾ ಓಟ, ರಿಪೇರಿಯಂಥ ಕೆಲಸಗಳಿಗಷ್ಟೇ ಆ ಗಾಡಿ ರಸ್ತೆಗಿಳಿಯಬೇಕು, ಪ್ರತಿ ಓಟವೂ ದಾಖಲಾಗಬೇಕು. ಮಾರುವವರ ಹಿತದಲ್ಲಿ ಬಂದ ಮಹತ್ವದ ಸುಧಾರಣೆಗಳಲ್ಲಿ ಇದೊಂದು. ಕಾರು ಕೊಡುವ ಮೊದಲು ಆ ಅಧಿಕಾರಪತ್ರವನ್ನು ಕೇಳಿ ನೋಡುವ ರೂಢಿ ಬೆಳೆದರೆ ಮಾತ್ರ ಅದರ ಫಲ ಜನರಿಗೆ ಸಿಗುತ್ತದೆ.

ವರ್ಗಾವಣೆಯ ನಂತರ

ಹೊಸ ಆರ್‌ಸಿ ಬಂದಿತೆಂದು ಕೊಂಡವರು ಹೇಳಿದರೂ ಮಾರಿದವರು ವಾಹನ್ ದಾಖಲೆಯಲ್ಲಿ ತಾವೇ ನೋಡಬೇಕು. ಫಾಸ್ಟ್ಯಾಗ್ ಮಾರಿದವರ ಬ್ಯಾಂಕ್ ಖಾತೆಗೆ ಅಂಟಿಕೊಂಡಿದ್ದರೆ ಟೋಲಿನ ಹಣ ಅವರದೇ ಹೋಗುತ್ತದೆ, ಅದನ್ನು ಮುಚ್ಚಿಸಿದ ಮೇಲೆ ಕೊಂಡವರು ಹೊಸದು ಪಡೆಯಬೇಕು. ಇತ್ತೀಚಿನ ಕಾರುಗಳಲ್ಲಿ ಇನ್ನೊಂದು ವಿಷಯವಿದೆ: ಗಾಡಿ ಎಲ್ಲಿದೆಯೆಂದು ತೋರಿಸುವ, ಬಾಗಿಲು ತೆರೆಯುವ ಆ್ಯಪು ಹಳೆಯ ಮಾಲೀಕರ ಮೊಬೈಲಿನಲ್ಲೇ ಉಳಿದಿರುತ್ತದೆ. ಕೊಂಡವರ ಸುರಕ್ಷತೆಗಾಗಿ ಅದನ್ನು ಇಬ್ಬರ ಎದುರಿನಲ್ಲೇ ಅಳಿಸಿ, ಕಾರಿನ ಪರದೆಯಲ್ಲಿ ಉಳಿದ ಫೋನ್ ಸಂಖ್ಯೆ, ಮನೆಯ ವಿಳಾಸಗಳನ್ನೂ ತೆಗೆಯಬೇಕು.

ಬೇರೆ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ವಿ5ಸಿ ಎಂಬ ದಾಖಲೆ ವಾಹನದ ನೋಂದಾಯಿತ ಪಾಲಕರನ್ನು ತೋರಿಸುತ್ತದೆ. ಅದು ಒಡೆತನದ ಪುರಾವೆಯಲ್ಲವೆಂದು ಆ ದಾಖಲೆಯ ಮೇಲೆಯೇ ಅಚ್ಚಾಗಿದೆ. ಮಾರಿದವರು ಆನ್‌ಲೈನಿನಲ್ಲಿ ತಿಳಿಸಿದರೆ ಕೆಲಸ ಮುಗಿಯಿತು. 2014ರ ಅಕ್ಟೋಬರ್ 1ರಿಂದ ಅಲ್ಲಿ ವಾಹನ ತೆರಿಗೆ ಗಾಡಿಯೊಂದಿಗೆ ವರ್ಗವಾಗುವುದಿಲ್ಲ, ಕೊಂಡವರು ಹೊಸದಾಗಿ ಕಟ್ಟಿಯೇ ರಸ್ತೆಗಿಳಿಸಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ಪದ್ಧತಿ. ಅನೇಕ ಕನ್ನಡಿಗರು ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಮಾರಿದವರು 5 ದಿನದೊಳಗೆ ಹೊಣೆ ಬಿಡುಗಡೆಯ ಸೂಚನೆ ಸಲ್ಲಿಸಬೇಕು, ಕೊಂಡವರಿಗೆ ವರ್ಗಾವಣೆಗೆ 10 ದಿನದ ಗಡುವು. ಕೊಂಡವರು ಸೋಮಾರಿತನ ಮಾಡಿದರೂ ಆ ಸೂಚನೆ ದಾಖಲಾದ ಮೇಲಿನ ದಂಡ, ಅಪಘಾತಗಳ ಹೊಣೆಯಿಂದ ಮಾರಿದವರಿಗೆ ರಕ್ಷಣೆಯಿದೆ.

ಭಾರತದ ನಮೂನೆ 29 ಇದೇ ಕೆಲಸ ಮಾಡಬಲ್ಲ ಕಾಗದ. ಈಗ ಅದು ಬರೀ ತಿಳಿವಳಿಕೆ ಪತ್ರವಾಗಿದೆ; ಸಲ್ಲಿಸಿದ ಮೇಲೂ, ಕೊಂಡವರ ಹೆಸರು ನಮೂದಾಗುವವರೆಗೆ, ನೋಂದಾಯಿತ ಮಾಲೀಕರು ಮಾರಿದವರೇ ಆಗಿರುತ್ತಾರೆ. ಅಧಿಕೃತ ವ್ಯಾಪಾರಿಗೆ ಮಾರಿದವರಿಗೆ 2023ರಲ್ಲಿ ಸಿಕ್ಕ ರಕ್ಷಣೆಯನ್ನು, ನೆರೆಯವರಿಗೋ ನೆಂಟರಿಗೋ ನೇರವಾಗಿ ಮಾರಿ ಆಧಾರ್ ದೃಢೀಕರಣದೊಂದಿಗೆ ನಮೂನೆ 29 ಸಲ್ಲಿಸಿದವರಿಗೂ ವಿಸ್ತರಿಸಬಹುದು. ಕೊಂಡವರೂ ಅದೇ ವೇಳೆ ಆನ್‌ಲೈನಿನಲ್ಲಿ ಸಮ್ಮತಿ ದಾಖಲಿಸುವ ವ್ಯವಸ್ಥೆಯಿದ್ದರೆ ಅಪಘಾತದಲ್ಲಿ ನೊಂದವರು ಹೊಣೆಗಾರರನ್ನು ಹುಡುಕಿ ಅಲೆಯುವ ಪ್ರಸಂಗವೂ ಬಾರದು. ಇದಕ್ಕೆ 50ನೇ ಕಲಂಗೆ ತಿದ್ದುಪಡಿ ಬೇಕು.